ಮನ್‌ಸ್ಟೆಡ್ ವುಡ್ ಗುಲಾಬಿ: ಕಿತ್ತು ಹಾಕಲಾ, ಇಟ್ಟುಕೊಳ್ಳಲಾ?

ರೆಡಿಂಗ್ ಹಿತ್ತಲು:
ನಮಸ್ಕಾರ. ನಾಲ್ಕು ವರ್ಷದ ಹಿಂದೆ ಹಿತ್ತಲಲ್ಲಿ ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ ಅವರ ‘ಮನ್‌ಸ್ಟೆಡ್ ವುಡ್’ ನೆಟ್ಟೆ. ಹೂವಿನ ಬಗ್ಗೆ ಒಂದು ತಕರಾರೂ ಇಲ್ಲ. ಮೊಗ್ಗು ಬರೀ ಕೆಂಪು. ಅರಳುತ್ತಾ ಅರಳುತ್ತಾ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ಬರುತ್ತದೆ. ಬೆಳಿಗ್ಗೆ ಅಡುಗೆಮನೆ ಬಾಗಿಲು ತೆಗೆದರೆ ಘಮ ಒಳಗೇ ಬರುತ್ತದೆ. ಮೈಸೂರಿನಲ್ಲಿ ಅಮ್ಮನ ಪನ್ನೀರು ಗುಲಾಬಿ ಬಿಟ್ಟರೆ ನನ್ನ ಮೂಗು ಇಷ್ಟು ಒಪ್ಪಿದ್ದು ಇದನ್ನೇ.

ಕಷ್ಟ ಎಲೆಯದು. ಜುಲೈ ಮುಗಿಯುವಷ್ಟರಲ್ಲಿ ಕರಿ ಚುಕ್ಕೆ, ಆಮೇಲೆ ಹಳದಿ, ಆಮೇಲೆ ನೆಲದ ಮೇಲೆ. ಈಗ ತುದಿಯಲ್ಲಿ ಎರಡು ಹೂ, ಕೆಳಗೆಲ್ಲ ಬೋಳು. ‘ಪೊರಕೆಗೆ ಹೂ ಮುಡಿಸಿದ ಹಾಗಿದೆ’ ಅಂತಾರೆ ನಮ್ಮ ಯಜಮಾನರು. ಎರಡು ಸಲ ಔಷಧಿ ಹೊಡೆದಾಯಿತು. ಕಿತ್ತು ಹಾಕಲಾ? ಅದೇ ಜಾಗದಲ್ಲಿ ಬೇರೆ ಗುಲಾಬಿ ನೆಡಬಹುದಾ?

ಶ್ರಾಪ್‌ಶೈರ್ ಮಾವ:
ನಿಮ್ಮ ಕೈಗುಣದ ತಪ್ಪಲ್ಲಮ್ಮ. 2007ರ ತಳಿ ಅದು. ರೋಗ ಜಾಸ್ತಿ ಅಂತ ಇಂಗ್ಲೆಂಡಿನಲ್ಲಿ ಆಸ್ಟಿನ್ ಕಂಪನಿಯವರೇ ಮಾರುವುದನ್ನು ನಿಲ್ಲಿಸಿದರು. ಕಿತ್ತರೆ ಮತ್ತೆ ಸಿಗುವುದು ಕಷ್ಟ, ಯೋಚನೆ ಮಾಡಿ.

ಔಷಧಿಗಿಂತ ಮೊದಲು ಉದುರಿದ ಎಲೆಗಳನ್ನು ಒಂದೂ ಬಿಡದೆ ಆರಿಸಿ. ಗೊಬ್ಬರದ ಡಬ್ಬಕ್ಕೆ ಹಾಕಬೇಡಿ. ಕರಿ ಚುಕ್ಕೆ ತರುವ ಬೂಷ್ಟು ಚಳಿಗಾಲ ಕಳೆಯುವುದು ಹೆಚ್ಚಾಗಿ ಆ ಉದುರಿದ ಎಲೆಗಳಲ್ಲೇ, ವಸಂತದ ಮಳೆಹನಿ ಸಿಡಿದು ಹೊಸ ಚಿಗುರಿಗೆ ಹತ್ತುತ್ತದೆ. ನೀರು ಬುಡಕ್ಕೆ ಮಾತ್ರ, ಎಲೆ ಮೇಲೆ ಬೇಡ. ಫೆಬ್ರವರಿಯಲ್ಲಿ ಸವರುವಾಗ ನಡುವೆ ಗಾಳಿಯಾಡುವ ಹಾಗೆ ಬಿಡಿಸಿ.

ಅದೇ ಗುಂಡಿಯಲ್ಲಿ ಇನ್ನೊಂದು ಗುಲಾಬಿ ನೆಟ್ಟರೆ ಸುಮ್ನೆ ಸೊರಗುತ್ತದೆ. ನೆಡಲೇಬೇಕು ಅಂದರೆ ಒಂದೂವರೆ ಅಡಿ ಮಣ್ಣು ತೆಗೆದು, ಗುಲಾಬಿ ಬೆಳೆಯದ ಜಾಗದ ಮಣ್ಣು ತುಂಬಿ.

ಲೀಡ್ಸ್ ಕುಂಡ:
ಬೋಳು ಕಾಲು ಕಾಣದ ಹಾಗೆ ಮುಂದೆ ಲ್ಯಾವೆಂಡರ್ ನೆಡಿ. ನಾನು ಹಾಗೇ ಮಾಡಿದ್ದು. ‘ಮನ್‌ಸ್ಟೆಡ್’ ಅಂತಲೇ ಒಂದು ಲ್ಯಾವೆಂಡರ್ ಇದೆ, ಮೊಣಕಾಲಿನಷ್ಟು ಎತ್ತರವೂ ಆಗಲ್ಲ. ಇಂಗ್ಲೆಂಡಿನ ಸರ್ರೆಯಲ್ಲಿ ತೋಟಗಳ ವಿನ್ಯಾಸಗಾರ್ತಿ ಗರ್ಟ್ರೂಡ್ ಜೀಕಿಲ್ ಅವರ ‘ಮನ್‌ಸ್ಟೆಡ್ ವುಡ್’ ಅನ್ನೋ ಮನೆ, ತೋಟ ಇತ್ತಲ್ವಾ, ಎರಡಕ್ಕೂ ಹೆಸರು ಅಲ್ಲಿಂದಲೇ ಬಂದದ್ದು. ಆದರೆ ಗುಲಾಬಿಗೆ ತೀರಾ ಒತ್ತಿ ನೆಡಬೇಡಿ, ಗಾಳಿ ಕಟ್ಟುತ್ತದೆ.

ರೆಡಿಂಗ್ ಹಿತ್ತಲು:
ಸದ್ಯಕ್ಕೆ ಕೀಳಲ್ಲ. ಇವತ್ತು ಎಲೆ ಆರಿಸಿದೆ, ಅರ್ಧ ಬಕೆಟ್! ಮಾವ, ಕಡ್ಡಿಗಳ ಮೇಲೂ ನೇರಳೆ ಬಣ್ಣದ ಮಚ್ಚೆ ಇದೆ. ಅದೂ ಇದೇ ರೋಗವಾ?

ಶ್ರಾಪ್‌ಶೈರ್ ಮಾವ:
ಹೌದಮ್ಮ, ಅದೇ ಇರಬೇಕು. ಈಗಲೇ ಕತ್ತರಿ ಹಿಡಿಯಬೇಡಿ. ಆ ಕಡ್ಡಿಗೊಂದು ದಾರ ಕಟ್ಟಿಡಿ, ಫೆಬ್ರವರಿಯಲ್ಲಿ ಮೊದಲು ಅದನ್ನೇ ತೆಗೆಯಿರಿ.