ವ್ಯಾಪಾರದ ಹೆಸರು ಬದಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಎಂಟು ವರ್ಷದಿಂದ ಪೀಠೋಪಕರಣ ರಿಪೇರಿ ಮಾಡುವ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಮಾಲೀಕಳು ನಾನೊಬ್ಬಳೇ, ವರ್ಕ್‌ಶಾಪಿಗೂ ನನ್ನದೇ ಹೆಸರು. ಈಗ ತಂಗಿ ಪಾಲುದಾರಳಾಗಿ ಸೇರುತ್ತಿದ್ದಾಳೆ. ಅದಕ್ಕೇ ಇಬ್ಬರಿಗೂ ಒಪ್ಪುವ ಹೊಸ ಹೆಸರು ಆರಿಸಿದ್ದೇವೆ. ಬೋರ್ಡು, ಬಿಲ್ ಪುಸ್ತಕ ಬದಲಿಸಿದರೆ ಸಾಕಾ? ಹಳೇ ಒಪ್ಪಂದಗಳು, ಬ್ಯಾಂಕ್ ಸಾಲ ಏನಾಗುತ್ತವೆ?

ವಕೀಲರ ಉತ್ತರ: ಬೋರ್ಡು ಬರೆಯಲು ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ. ನೀವು ಹೆಸರು ಬದಲಿಸುವುದು ಅಂದುಕೊಂಡಿದ್ದೀರಿ, ಆದರೆ ಇಲ್ಲಿ ಮಾಲೀಕತ್ವವೂ ಬದಲಾಗುತ್ತಿದೆ. ಹೆಸರಿನ ಕೆಲಸ ಸುಲಭ. ಇನ್ನೊಂದು ಹಾಗಲ್ಲ.

ಒಬ್ಬರೇ ಮಾಲೀಕರಿದ್ದಾಗ ಕಾನೂನಿನ ಕಣ್ಣಿಗೆ ವ್ಯಾಪಾರ ಬೇರೆ, ನೀವು ಬೇರೆ ಅಲ್ಲ. ಸಾಲ ನಿಮ್ಮದು, ಒಪ್ಪಂದ ನಿಮ್ಮದು. ಹೆಸರಷ್ಟೇ ಬದಲಿಸಿದರೆ ಒಪ್ಪಂದ ಬೀಳುವುದಿಲ್ಲ, ಸಾಲವೂ ಹೋಗುವುದಿಲ್ಲ. ಆದರೆ ತಂಗಿ ಪಾಲುದಾರಳಾದ ದಿನ ಹುಟ್ಟುವುದು ಹೊಸ ಸಂಸ್ಥೆ. ಅದಕ್ಕೆ ಪಾಲುದಾರಿಕೆ ಪತ್ರ ಬೇಕು. ಸಾಮಾನ್ಯವಾಗಿ ಹೊಸ ತೆರಿಗೆ ಸಂಖ್ಯೆ, ಹೊಸ ಬ್ಯಾಂಕ್ ಖಾತೆಯೂ ಬೇಕಾಗುತ್ತದೆ. ಹಳೇ ಒಪ್ಪಂದಗಳು ತಾವಾಗಿಯೇ ಅದರ ಹೆಸರಿಗೆ ಬರುವುದಿಲ್ಲ. ಹೆಚ್ಚಿನವನ್ನು ಎದುರಿನವರ ಒಪ್ಪಿಗೆ ಕೇಳಿ ವರ್ಗಾಯಿಸಬೇಕು. ಸಾಲವಂತೂ ಬ್ಯಾಂಕ್ ಬರೆದುಕೊಟ್ಟು ಬಿಡುಗಡೆ ಮಾಡುವವರೆಗೆ ನಿಮ್ಮ ತಲೆ ಮೇಲೇ ಇರುತ್ತದೆ.

ಹಾಗಾಗಿ ಮೊದಲು ಹೆಸರು, ಆಮೇಲೆ ಪಾಲುದಾರಿಕೆ ಅಂತ ಸುಮ್ನೆ ಎರಡು ಸಲ ಓಡಾಡಬೇಡಿ. ಪಾಲುದಾರಿಕೆಯನ್ನೇ ಹೊಸ ಹೆಸರಲ್ಲಿ ಶುರು ಮಾಡಿ. ಕೈಯಲ್ಲಿರುವ ಹಳೇ ಕೆಲಸಗಳಲ್ಲಿ ಯಾವುದು ಹಳೇ ಖಾತೆಯಲ್ಲೇ ಮುಗಿಯಬೇಕು, ಯಾವುದು ಹೊಸದಕ್ಕೆ ಹೋಗಬೇಕು ಅಂತ ಇಬ್ಬರೂ ಕೂತು ಬರೆದಿಡಿ. ಅಕ್ಕ-ತಂಗಿ ಅಂತ ಬಾಯಿಮಾತಿಗೆ ಬಿಡಬೇಡಿ. ಇಂಥ ಜಗಳಗಳನ್ನು ನಾನು ತುಂಬಾ ನೋಡಿದ್ದೇನೆ.

ಪ್ರಶ್ನೆ: ಇದು ಹೊಳೆದೇ ಇರಲಿಲ್ಲ, ಧನ್ಯವಾದ. ಹೊಸ ಹೆಸರು ನೋಂದಣಿ ಕಚೇರಿಯ ಪಟ್ಟಿಯಲ್ಲಿ ಇನ್ನೂ ಯಾರದ್ದೂ ಆಗಿಲ್ಲ. ಅಷ್ಟು ಸಾಕಲ್ವಾ?

ವಕೀಲರ ಉತ್ತರ: ಸಾಲದು. ಜಾಸ್ತಿ ಜನ ಎಡವುವುದು ಇಲ್ಲೇ. ವ್ಯಾಪಾರದ ನೋಂದಣಿ ಬೇರೆ, ಟ್ರೇಡ್‌ಮಾರ್ಕ್ (ಸರಕು, ಸೇವೆ ಯಾರದ್ದು ಅಂತ ಗುರುತಿಸುವ ಹೆಸರು ಅಥವಾ ಚಿಹ್ನೆ) ಬೇರೆ. ಒಂದು ಕಡೆ ಹೆಸರು ಸಿಕ್ಕಿತು ಅಂದರೆ ಅದನ್ನು ಬಳಸುವ ಹಕ್ಕು ಸಿಕ್ಕಿತು ಅಂತಲ್ಲ. ಅದೇ ಹೆಸರು, ಅಥವಾ ಕಿವಿಗೆ ಹಾಗೇ ಕೇಳುವ ಹೆಸರು ಬೇರೆಯವರ ಟ್ರೇಡ್‌ಮಾರ್ಕ್ ಆಗಿದ್ದರೆ ಅವರು ನಿಮ್ಮನ್ನು ತಡೆಯಬಹುದು. ಟ್ರೇಡ್‌ಮಾರ್ಕ್‌ಗಳಿಗೆ ನೀಸ್ ವರ್ಗೀಕರಣ ಅಂತ ಅಂತರರಾಷ್ಟ್ರೀಯ ಪಟ್ಟಿ ಇದೆ. ಒಟ್ಟು 45 ವರ್ಗ: 34 ಸರಕಿಗೆ, 11 ಸೇವೆಗೆ. ರಿಪೇರಿ ಬರುವುದು 37ರಲ್ಲಿ, ಪೀಠೋಪಕರಣ 20ರಲ್ಲಿ. ನೀವು ಎರಡನ್ನೂ ಹುಡುಕಬೇಕು. ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. ನಿಮ್ಮ ದೇಶದ ಟ್ರೇಡ್‌ಮಾರ್ಕ್ ಪಟ್ಟಿಯನ್ನೂ ತಪ್ಪದೆ ನೋಡಿ. ಟ್ರೇಡ್‌ಮಾರ್ಕ್ ನೋಂದಣಿ ಆಗುವ ಮೊದಲೇ ಹೆಸರಿನ ಪಕ್ಕ ವೃತ್ತದೊಳಗಿನ ಆರ್ ಗುರುತು ಹಾಕಬೇಡಿ, ಹಲವು ದೇಶಗಳಲ್ಲಿ ಅದು ಅಪರಾಧ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದು ಕಂಪನಿ. ಮಾಲೀಕರು ಅವರೇ, ಹೆಸರು ಮಾತ್ರ ಬದಲಾಗಿದೆ. ಹೊಸ ಪ್ರಮಾಣಪತ್ರವೂ ಬಂತು. ಇನ್ನೇನಾದರೂ ಬಾಕಿ ಇದೆಯಾ?

ವಕೀಲರ ಉತ್ತರ: ನಿಮ್ಮ ದಾರಿ ಸಲೀಸು. ಕಂಪನಿ ಅದೇ, ಹಾಗಾಗಿ ಒಪ್ಪಂದಗಳಿಗೆ ಮತ್ತೆ ಸಹಿ ಬೇಕಿಲ್ಲ. ಪ್ರಮಾಣಪತ್ರದ ಪ್ರತಿ ಇಟ್ಟು ಎಲ್ಲರಿಗೂ ಒಂದು ಪತ್ರ ಕಳಿಸಿ. ಸಾಲ ಮತ್ತು ಬಾಡಿಗೆಯ ಕರಾರುಗಳನ್ನು ಮಾತ್ರ ಒಮ್ಮೆ ಓದಿ, ಇಂತಿಷ್ಟು ದಿನದೊಳಗೆ ತಿಳಿಸಬೇಕು ಅನ್ನುವ ಷರತ್ತು ಅಲ್ಲಿ ಇರಬಹುದು. ತೆರಿಗೆ ಇಲಾಖೆ, ಬ್ಯಾಂಕ್, ಲೈಸೆನ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ವಿಮೆ. ಪಾಲಿಸಿಯಲ್ಲಿ ಹಳೇ ಹೆಸರೇ ಉಳಿದರೆ ಕ್ಲೇಮ್ ಮಾಡುವ ದಿನ ನೀವೇ ಅವರು ಅಂತ ಸಾಬೀತು ಮಾಡುತ್ತಾ ಕೂರಬೇಕಾಗುತ್ತದೆ. ಹಳೇ ಹೆಸರಿಗೆ ಬರುವ ಚೆಕ್‌ಗಳನ್ನು ಎಷ್ಟು ದಿನ ಜಮಾ ಮಾಡಿಕೊಳ್ಳುತ್ತಾರೆ ಅಂತ ಬ್ಯಾಂಕಿನಿಂದ ಬರೆಸಿಕೊಳ್ಳಿ.

ಮತ್ತೆ ಅದೇ ಸದಸ್ಯರು: ಹಳೇ ವೆಬ್‌ಸೈಟ್ ವಿಳಾಸ ಬಿಟ್ಟುಬಿಡಬಹುದಾ?

ವಕೀಲರ ಉತ್ತರ: ಖಂಡಿತ ಬಿಡಬೇಡಿ. ಹಳೇ ವಿಳಾಸಕ್ಕೆ ಬಂದವರು ಹೊಸದಕ್ಕೆ ಹೋಗುವ ಹಾಗೆ ಮಾಡಿಡಿ. ಕನಿಷ್ಠ 1 ವರ್ಷ ಹಾಗೇ ಇರಲಿ ಅಂತ ಗೂಗಲ್ ಕೂಡ ಹೇಳುತ್ತದೆ. ನನ್ನ ಚಿಂತೆ ಇಮೇಲ್‌ನದ್ದು. ಡೊಮೇನ್, ಅಂದರೆ ಆ ವೆಬ್‌ಸೈಟ್ ವಿಳಾಸದ ಅವಧಿ ಮುಗಿದು ಬೇರೆಯವರು ಕೊಂಡರೆ, ಹಳೇ ಇಮೇಲ್ ವಿಳಾಸಕ್ಕೆ ಬರುವ ಗ್ರಾಹಕರ ಪತ್ರ, ಬಿಲ್ಲು, ಪಾಸ್‌ವರ್ಡ್ ಬದಲಿಸುವ ಲಿಂಕು ಎಲ್ಲ ಅವರ ಕೈಗೆ ಹೋಗಬಹುದು. ಆ ಇಮೇಲ್ ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತ ಇವತ್ತೇ ಪಟ್ಟಿ ಮಾಡಿ. ಬ್ಯಾಂಕಿನಿಂದ ಶುರು ಮಾಡಿ.