ಲೀಟರಿಗೆ ಇಷ್ಟು ತೆರಿಗೆ ಕಟ್ಟುತ್ತೇವೆ, ರಾಜ್ಯ ಹೆದ್ದಾರಿಗೆ ಎಷ್ಟು ಸೇರುತ್ತದೆ?

ದಾರಿಹೋಕ:
2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ಕರ್ನಾಟಕದ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ಡೀಸೆಲ್‌ದು ಆಗ 18.44, 2025ರ ಏಪ್ರಿಲ್‌ನಿಂದ 21.17. ನಮ್ಮ ತಾಲ್ಲೂಕಿನ ರಾಜ್ಯ ಹೆದ್ದಾರಿಯ ಗುಂಡಿಗಳು ಮಾತ್ರ ಹಾಗೇ ಇವೆ. ಈ ದುಡ್ಡು ರಸ್ತೆಗೆ ಅಂತ ಮೀಸಲಾ? ಊರಿನವರು ಸೇರಿ ಕೇಳೋದಾದರೆ ಯಾರನ್ನ ಕೇಳಬೇಕು?

ಲೆಕ್ಕಶೀರ್ಷಿಕೆ:
ಮೀಸಲಲ್ಲ. ಮಾರಾಟ ತೆರಿಗೆ ನೇರವಾಗಿ ರಾಜ್ಯದ ಸಂಚಿತ ನಿಧಿಗೆ ಹೋಗುತ್ತದೆ. ಸಂಬಳ, ಪಿಂಚಣಿ, ಗ್ಯಾರಂಟಿ, ರಸ್ತೆ ಎಲ್ಲಕ್ಕೂ ಅದೊಂದೇ ಹುಂಡಿ. ಈ ತೆರಿಗೆ ಬೀಳುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. ಹಾಗಾಗಿ ಕೇಂದ್ರ ಪೆಟ್ರೋಲಿಗೆ 1 ರೂ. ಇಳಿಸಿದರೆ ರಾಜ್ಯಕ್ಕೂ ಸುಮಾರು 30 ಪೈಸೆ ಖೋತಾ.

ಹೆಸರಿನಲ್ಲೇ ರಸ್ತೆ ಇರುವುದು ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ಸೆಸ್. 2022ರ ಮೇ ಇಳಿಕೆಯ ನಂತರ ಪೆಟ್ರೋಲಿಗೆ ಲೀಟರಿಗೆ 5 ರೂ., ಡೀಸೆಲಿಗೆ 2 ರೂ. ಸೆಸ್ ಆದ್ದರಿಂದ ರಾಜ್ಯಗಳಿಗೆ ಹಂಚುವ ತೆರಿಗೆ ಪಾಲಿನಲ್ಲಿ ಇದು ಸೇರುವುದಿಲ್ಲ. ಸಿಆರ್‌ಐಎಫ್ (ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ) ಕಾಮಗಾರಿಯಾಗಿ ಮಂಜೂರಾದರೆ ಮಾತ್ರ ನಮ್ಮ ರಸ್ತೆಗೆ ಬರುತ್ತದೆ.

ಅದಕ್ಕೇ "ತೆರಿಗೆ ಎಲ್ಲಿ ಹೋಯ್ತು" ಅಂತ ಕೇಳಿದರೆ ಉತ್ತರ ಸಿಗಲ್ಲ. ಲೆಕ್ಕಶೀರ್ಷಿಕೆ, ಅಂದರೆ ಬಜೆಟ್‌ನಲ್ಲಿ ಆ ಬಗೆಯ ಖರ್ಚಿಗೆ ಇರುವ ಸಂಖ್ಯೆ ಹಿಡಿದು ಕೇಳಿ. ಗುಂಡಿ ಮುಚ್ಚುವುದು, ಚರಂಡಿ ತೆಗೆಯುವುದು 3054. ಅಗಲೀಕರಣ, ಹೊಸ ಸೇತುವೆ 5054. ಮನವಿಯಲ್ಲಿ "ರಸ್ತೆ ಅಭಿವೃದ್ಧಿಪಡಿಸಿ" ಅಂತ ಬರೆದರೆ ಅದು 5054ರ ಪ್ರಸ್ತಾವವಾಗಿ ಸಾಲಿನಲ್ಲಿ ಕೂರುತ್ತದೆ, ಗುಂಡಿ ಹಾಗೇ ಉಳಿಯುತ್ತದೆ. ಊರಿನವರು ಎಡವುವುದು ಹೆಚ್ಚಾಗಿ ಇಲ್ಲೇ.

ಅಳತೆಪುಸ್ತಕ:
ಅದಕ್ಕೂ ಮೊದಲು ಆ ರಸ್ತೆ ದೋಷ ಹೊಣೆ ಅವಧಿಯಲ್ಲಿದೆಯೇ ನೋಡಿ. ಟೆಂಡರ್ ದಾಖಲೆಯಲ್ಲಿ ಬರೆದಿರುತ್ತದೆ. ಅವಧಿ ಮುಗಿದಿಲ್ಲ ಅಂದರೆ ಗುತ್ತಿಗೆದಾರನೇ ತನ್ನ ಖರ್ಚಲ್ಲಿ ಸರಿಮಾಡಬೇಕು, 3054ರ ಒಂದು ಪೈಸೆಯೂ ಬೇಡ.

ಲೋಕೋಪಯೋಗಿ ಇಲಾಖೆಯ ಉಪವಿಭಾಗಕ್ಕೆ ಆರ್‌ಟಿಐ ಹಾಕಿ: 10 ರೂ. ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಹತ್ತು ಪ್ರಶ್ನೆ ತುಂಬಿದರೆ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕೇಳಬೇಕಾದ್ದು ಇಷ್ಟು: ಕಿ.ಮೀ. ಇಷ್ಟರಿಂದ ಇಷ್ಟರವರೆಗಿನ ಕೊನೆಯ ಕಾಮಗಾರಿಯ ಅಂದಾಜು ಪಟ್ಟಿ, ಒಪ್ಪಂದ, ಎಂಬಿ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪ್ರತಿ. 30 ದಿನದಲ್ಲಿ ಬರದಿದ್ದರೆ 19(1)ರಡಿ ಮೊದಲ ಮೇಲ್ಮನವಿ.

ಕೆಲಸ ನಡೆಯುವಾಗಲೇ ಕಾಮಗಾರಿ ಪರಿಶೀಲಿಸಲು, ಪ್ರಮಾಣೀಕೃತ ಮಾದರಿ ಪಡೆಯಲು ಅದೇ ಆರ್‌ಟಿಐ ಕಾಯ್ದೆಯ ಸೆಕ್ಷನ್ 2(ಜೆ) ಹಕ್ಕು ಕೊಡುತ್ತದೆ. ಡಾಂಬರು ವಿಜಿ-30 ದರ್ಜೆಯದ್ದಾದರೆ ಹಾಸುವಾಗ ಮಿಶ್ರಣ ಕನಿಷ್ಠ 140 ಡಿಗ್ರಿ ಇರಬೇಕು. ಟಿಪ್ಪರ್ ದೂರದಿಂದ ಟಾರ್ಪಾಲು ಹೊದಿಸದೆ ಬಂದರೆ ಮೇಲ್ಪದರ ಆರಿ ಉಂಡೆಗಟ್ಟಿರುತ್ತದೆ. ರೋಲರ್ ಎಷ್ಟು ಓಡಿಸಿದರೂ ಅದು ಕೂರಲ್ಲ. ಮೊದಲ ಮಳೆಗೇ ಜಲ್ಲಿ ಕಿತ್ತು ಬರುತ್ತದೆ.

ದಾರಿಹೋಕ:
ಅವಧಿ ಮುಗಿದಿದ್ದರೆ? ಮನವಿ ಯಾವಾಗ ಕೊಡೋದು?

ಲೆಕ್ಕಶೀರ್ಷಿಕೆ:
ಬಜೆಟ್ ಮಂಡನೆ ಮಾರ್ಚ್ ಹೊತ್ತಿಗಾದರೂ ಇಲಾಖೆಯ ಪ್ರಸ್ತಾವ ತಿಂಗಳುಗಳ ಮೊದಲೇ ಹೋಗಿರುತ್ತದೆ. ದೀಪಾವಳಿ ಆಸುಪಾಸಿನಲ್ಲೇ ಉಪವಿಭಾಗದ ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಒಂದು ಪ್ರತಿ ಶಾಸಕರಿಗೆ. ಗುಂಡಿಯ ಫೋಟೊ ಜೊತೆಗೆ ಕಿ.ಮೀ. ಕಲ್ಲೂ ಕಾಣಲಿ. ಹೊಸ ಕಾಮಗಾರಿ ಕೇಳಿದ್ದರೆ ಬಜೆಟ್ ಆದಮೇಲೆ ಅನುಬಂಧ-ಇ (ಬಜೆಟ್ ಜೊತೆ ಬರುವ ಲೋಕೋಪಯೋಗಿ ಕಾಮಗಾರಿಗಳ ಪಟ್ಟಿ) ತೆಗೆದು ನಿಮ್ಮ ರಸ್ತೆಯ ಹೆಸರು, ಅಂದಾಜು ಮೊತ್ತ, ಆ ವರ್ಷದ ಅನುದಾನ ಮೂರನ್ನೂ ನೋಡಿ. ಹೆಸರಿದ್ದು ಅನುದಾನದ ಕಲಮಿನಲ್ಲಿ ಚಿಕ್ಕಾಸು ಮಾತ್ರ ಇದ್ದರೆ ಆ ವರ್ಷ ಜಲ್ಲಿ ಬೀಳಲ್ಲ. ವರ್ಷದ ನಡುವೆ ಬರುವ ಪೂರಕ ಅಂದಾಜಿನಲ್ಲಿ ಹಣ ಕೊಡಿಸಿ ಅಂತ ಆಗಲೇ ಶಾಸಕರ ಬೆನ್ನುಹತ್ತಬೇಕು.