ಪದಚರ್ಚೆ: ಮನೆಯ ‘ಕಂಫರ್ಟ್’ – ಸೌಕರ್ಯವೋ, ಹಿತವೋ, ನೆಮ್ಮದಿಯೋ?

ಮಾನ್ಯರೆ,

ಮನೆಯ ಒಳಾಂಗಣ ಅಲಂಕಾರದ ಚರಿತ್ರೆಯನ್ನು ಕುರಿತು ಬರೆಯುತ್ತಿರುವ ಲೇಖನದಲ್ಲಿ ‘ಕಂಫರ್ಟ್’ ಎಂಬುದಕ್ಕೆ ಮೊದಲು ‘ಸೌಕರ್ಯ’ ಎಂದು ಬಳಸಿದ್ದೆ. ಈಗ ಅದು ಸರಿಕಾಣುತ್ತಿಲ್ಲ. ‘ಸುಕರ’ದಿಂದ ಬಂದ ಆ ಪದ ಕೆಲಸ ಸುಲಭವಾಗುವುದನ್ನು ಹೇಳುತ್ತದೆ. ನಮ್ಮ ಬೆಂಗಳೂರಿನಲ್ಲಂತೂ ಲಿಫ್ಟು, ನೀರು, ವಾಹನ ನಿಲುಗಡೆಗಳ ಪಟ್ಟಿಯೇ ಸೌಕರ್ಯವೆನಿಸಿಕೊಂಡಿದೆ. ಬೆನ್ನಿಗೆ ಆಸರೆ ಸಿಕ್ಕೊಡನೆ ಮೈ ಸಡಿಲಗೊಳ್ಳುವ ಅನುಭವ ಅದರಲ್ಲಿಲ್ಲ.

ಇಂಗ್ಲಿಷ್ ಪದದಲ್ಲಿಯೂ ಅದು ಮೊದಲಿಗೆ ಇರಲಿಲ್ಲ. ಬಲಶಾಲಿ ಎಂಬರ್ಥದ ಲ್ಯಾಟಿನ್ನಿನ ‘ಫೋರ್ಟಿಸ್’ನಿಂದ ಹುಟ್ಟಿ, ಧೈರ್ಯ ತುಂಬು, ಸಂತೈಸು ಎಂಬ ಅರ್ಥ ಹೊತ್ತು ಫ್ರೆಂಚಿನ ಮೂಲಕ ಬಂದ ಆ ಪದ, ಮನೆಯೊಳಗಿನ ಮೈಸುಖದ ಅರ್ಥದಲ್ಲಿ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. ಅದೇ ಅವಧಿಯಲ್ಲಿ ಆಸನಗಳೂ ಬದಲಾಗುತ್ತಿದ್ದವು. ಫ್ರಾನ್ಸಿನ ದೊರೆ 14ನೆಯ ಲೂಯಿಯ ವರ್ಸೇಲ್ಸ್ ಆಸ್ಥಾನದಲ್ಲಿ ಕೈಯಿರುವ ಕುರ್ಚಿ ಯಾರಿಗೆ, ಬೆನ್ನಿಲ್ಲದ ಸ್ಟೂಲು ಯಾರಿಗೆ, ನಿಂತೇ ಇರಬೇಕಾದವರು ಯಾರು ಎಂಬುದನ್ನು ಅಂತಸ್ತು ನಿರ್ಧರಿಸುತ್ತಿತ್ತು. ನಮ್ಮ ‘ಮಣೆ ಹಾಕು’ ಎಂಬ ಮಾತಿನಲ್ಲಿಯೂ ಇರುವುದು ಮರ್ಯಾದೆಯೇ. 15ನೆಯ ಲೂಯಿಯ ಕಾಲಕ್ಕೆ ಮೆತ್ತೆ ತುಂಬಿದ, ಬಾಗಿದ ಬೆನ್ನಿನ ‘ಬೆರ್ಜೇರ್’ ಕುರ್ಚಿಗಳು ಬಂದವು. ‘ಸೋಫಾ’ದ ಮೂಲವಾದ ಅರಬ್ಬಿಯ ‘ಸುಫ್ಫಾ’ ಎಂದರೆ ಎತ್ತರಿಸಿದ ಕಟ್ಟೆ. ಹಳೆಯ ಪೇಟೆಯ ಮನೆಗಳ ಜಗಲಿಯೇ ಮೆತ್ತೆ ಹಾಸಿಕೊಂಡು ಹಜಾರಕ್ಕೆ ಬಂದಂತೆ ನನಗೆ ತೋರುತ್ತದೆ.

ಮನಸ್ಸಿನಿಂದ ಮೈಗೆ ಇಳಿದ ‘ಕಂಫರ್ಟ್’ಗೆ ‘ಸುಖ’ದ ನಡೆ ವಿರುದ್ಧವಾದುದು. ‘ಖ’ ಎಂದರೆ ಚಕ್ರದಲ್ಲಿ ಅಚ್ಚು ಕೂರುವ ರಂಧ್ರವೆಂದು ಹಿಡಿದು ಅದನ್ನು ‘ಸು’ ಮತ್ತು ‘ಖ’ ಎಂದು ಬಿಡಿಸುವುದುಂಟು. ಋಗ್ವೇದದಲ್ಲಿ ಅದು ಕುಲುಕದೆ ಸಾಗುವ ರಥದ ವಿಶೇಷಣ. ರಥದಿಂದ ಮನಸ್ಸಿಗೇರಿದ ಆ ಪದಕ್ಕೆ ಇಂದು ಭೋಗದ ಛಾಯೆ ಗಾಢವಾಗಿ ಅಂಟಿದೆ. ಪಾರಸಿಯ ‘ಆರಾಮ’ ಕುರ್ಚಿಯ ಜೊತೆ ಚೆನ್ನಾಗಿ ಹೊಂದಿದರೂ ಉತ್ತರ ಕರ್ನಾಟಕದವರಿಗೆ ಅದು ಕ್ಷೇಮ, ಆರೋಗ್ಯ.

ನನ್ನ ಒಲವು ‘ಹಿತ’ದ ಕಡೆಗಿದೆ. ಹಿತವಾದ ಬಿಸಿಲು, ಹಿತವಾದ ಗಾಳಿ ಎನ್ನುವಾಗ ಅದು ಮೈಗೆ ತಾಗುತ್ತದೆ. ಆದರೆ ‘ಮನೆಯ ಹಿತ’ ಎಂದೊಡನೆ ಮನೆತನದ ಒಳಿತೆಂಬ ಅರ್ಥ ಮುಂದೆ ಬರುತ್ತದೆ. ಹಾಗಾಗದಂತೆ ಅದನ್ನು ನಾಮಪದವಾಗಿ ಬಳಸುವ ಬಗೆ ಯಾವುದು? ಆತುಕೊಳ್ಳು, ಆಶ್ರಯಿಸು ಎಂಬರ್ಥದ ‘ನೆಮ್ಮು’ ಧಾತುವಿನಿಂದಲೇ ‘ನೆಮ್ಮದಿ’ ಬಂದಿರಬಹುದೇ? ಹಾಗಿದ್ದರೆ ಗೋಡೆಗೋ ದಿಂಬಿಗೋ ಒರಗಿದ ಮೈಗೆ ಆ ಪದವನ್ನು ಬಳಸಿರುವ ಹಳೆಯ ಪ್ರಯೋಗ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ವಾಕ್ಯಸಹಿತ ತಿಳಿಸಬೇಕೆಂದು ಕೋರುತ್ತೇನೆ.